ಝಡ್600ರ ಎರಡೂ ಪ್ರೊಸೆಸರ್ ಬದಲಿಸಿದ್ದು

ಎಚ್‌ಪಿ ಝಡ್600 ಅಂದರೆ ಎರಡು ಪ್ರೊಸೆಸರ್ ಹಿಡಿಸುವ ಹಳೆ ವರ್ಕ್‌ಸ್ಟೇಷನ್ ಕಂಪ್ಯೂಟರ್. ಅದಕ್ಕೆ ಪ್ರೊಸೆಸರ್ ಹುಡುಕುವ ಮುಂಚೆ ಒಂದು ತಾರೀಖು ನೋಡಿಕೊಳ್ಳಿ. ಆನ್ ಆಗುವಾಗ ಎಫ್10 ಒತ್ತಿ ಸಿಸ್ಟಂ ಇನ್ಫರ್ಮೇಷನ್‌ಗೆ ಹೋದರೆ ‘ಬೂಟ್ ಬ್ಲಾಕ್ ಡೇಟ್’ ಅಂತ ಇರುತ್ತದೆ. ಅಲ್ಲಿ 2010 ಇದ್ದರೆ ಆರು ಕೋರಿನ 5600 ಸರಣಿಯ ಝಿಯಾನ್ (ಇಂಟೆಲ್‌ನ ವರ್ಕ್‌ಸ್ಟೇಷನ್ ಪ್ರೊಸೆಸರ್) ನಡೆಯುತ್ತದೆ. 2009 ಇದ್ದರೆ 5500 ಸರಣಿಯಷ್ಟೇ. ಬಯಾಸ್ (ಯಂತ್ರವನ್ನು ಶುರು ಮಾಡುವ, ಬೋರ್ಡಿನಲ್ಲೇ ಇರುವ ತಂತ್ರಾಂಶ) ಅಪ್‌ಡೇಟ್ ಮಾಡಿದರೂ ಅದರ ಬೂಟ್ ಬ್ಲಾಕ್ ಭಾಗ ಬದಲಾಗುವುದಿಲ್ಲ, ಬೋರ್ಡನ್ನೇ ಬದಲಿಸಬೇಕು.

ನನ್ನದು 2010ರದು. ಒಳಗಿದ್ದವು ಎರಡು ಇ5520: ನಾಲ್ಕು ಕೋರ್, 2.26 ಗಿಗಾಹರ್ಟ್ಸ್, 80 ವ್ಯಾಟ್. ಹಾಕಿದ್ದು ಎರಡು ಎಕ್ಸ್5675: ಆರು ಕೋರ್, 3.06 ಗಿಗಾಹರ್ಟ್ಸ್, 95 ವ್ಯಾಟ್. ಎಕ್ಸ್5690 ಇನ್ನೂ ಜೋರು ನಿಜ, ಆದರೆ ಅದು 130 ವ್ಯಾಟ್. ದಾವಣಗೆರೆಯ ಏಪ್ರಿಲ್ ಬಿಸಿಲಿಗೆ ಪ್ರೊಸೆಸರಿನ ಬಿಸಿ ಹೀರುವ ಇದರ ಸಣ್ಣ ಹೀಟ್‌ಸಿಂಕ್ ಅದನ್ನು ತಡೆಯೋದಿಲ್ಲ. ದುಡ್ಡು ಉಳಿಸಬೇಕೆಂದರೆ ಎಕ್ಸ್5650 ಸಾಕು, ಅದೂ 95 ವ್ಯಾಟೇ.

ಈಗ ಸಿಗುವುದೆಲ್ಲ ಸೆಕೆಂಡ್ ಹ್ಯಾಂಡ್ ಮಾಲು. ಎರಡರ ಮೇಲೂ ಒಂದೇ ಕೋಡ್ ಇರಬೇಕು, ಎಕ್ಸ್5675ಗೆ ಅದು ‘ಎಸ್‌ಎಲ್‌ಬಿವೈಎಲ್’. ಮೇಲೆ ‘ಕಾನ್ಫಿಡೆನ್ಷಿಯಲ್’ ಅಂತ ಅಚ್ಚಾಗಿದ್ದರೆ ಅದು ಪರೀಕ್ಷೆಗೆ ಮಾಡಿದ ಪೀಸು, ಅಗ್ಗಕ್ಕೆ ಸಿಕ್ಕರೂ ಬೇಡ. ಬಯಾಸ್ ಅಪ್‌ಡೇಟನ್ನು ಹಳೆ ಪ್ರೊಸೆಸರ್ ಇರುವಾಗಲೇ ಮುಗಿಸಿಕೊಳ್ಳಿ.

ಬಿಚ್ಚುವ ಮುಂಚೆ ಹತ್ತು ನಿಮಿಷ ಓಡಿಸಿದರೆ ಪ್ರೊಸೆಸರಿಗೂ ಹೀಟ್‌ಸಿಂಕಿಗೂ ನಡುವೆ ಬಿಸಿ ದಾಟಿಸುವ ಒಣಗಿದ ಪೇಸ್ಟ್ ಮೆತ್ತಗಾಗುತ್ತದೆ. ಆಮೇಲೆ ಪವರ್ ಕೇಬಲ್ ಕಿತ್ತು, ಹೀಟ್‌ಸಿಂಕನ್ನು ಎಡಕ್ಕೆ ಬಲಕ್ಕೆ ಸ್ವಲ್ಪ ತಿರುಗಿಸಿ ಎತ್ತಿ. ಮಂಡಕ್ಕಿ ಭಟ್ಟಿಗಳ ಕಡೆ ಮನೆಯಿದ್ದರೆ ಅದರ ರೆಕ್ಕೆಗಳ ಸಂದಿಯಲ್ಲಿ ಮಸಿ ಮೆತ್ತಿಕೊಂಡಿರುತ್ತದೆ. ಒಣ ಬ್ರಷ್ಷು, ಕೈ ಬ್ಲೋಯರ್ ಸಾಕು. ಗ್ಯಾರೇಜಿನ ಕಂಪ್ರೆಸರ್ ಗಾಳಿಯಲ್ಲಿ ನೀರಿನ ಪಸೆ ಇರುತ್ತದೆ. ಫ್ಯಾನ್ ತಿರುಗದಂತೆ ಬೆರಳಲ್ಲಿ ಹಿಡಿದುಕೊಂಡು ಊದಿ. ಹಳೆ ಪೇಸ್ಟಿಗೆ ಐಸೋಪ್ರೊಪೈಲ್ ಆಲ್ಕೋಹಾಲ್.

ಇಲ್ಲಿ ಪಿನ್ನುಗಳಿರುವುದು ಪ್ರೊಸೆಸರಿನಲ್ಲಲ್ಲ, ಸಾಕೆಟ್ಟಿನಲ್ಲಿ, ಒಟ್ಟು 1366. ಟಾರ್ಚನ್ನು ಓರೆಯಾಗಿ ಹಿಡಿದರೆ ಬಗ್ಗಿದ ಪಿನ್ನಿನ ಹೊಳಪು ಸಾಲಿನಿಂದ ಬೇರೆಯಾಗಿ ಕಾಣುತ್ತದೆ. ಪ್ರೊಸೆಸರನ್ನು ಅಂಚಿನಲ್ಲಿ ಹಿಡಿದು, ಕಚ್ಚುಗಳನ್ನು ಹೊಂದಿಸಿ, ನೇರವಾಗಿ ಇಳಿಸಿ. ಲಿವರ್ ಮುಚ್ಚುವಾಗ ಗಟ್ಟಿ ಅನ್ನಿಸುವುದು, ಕಿರ್ ಅನ್ನುವುದು ಸಹಜ. ನಡುವೆ ಬಟಾಣಿ ಕಾಳಿನಷ್ಟು ಪೇಸ್ಟ್. ಕೈಯಲ್ಲಿ ಸವರಬೇಡಿ, ಹೀಟ್‌ಸಿಂಕಿನ ಒತ್ತಡವೇ ಹರಡುತ್ತದೆ.

ತಲೆನೋವು ಶುರುವಾಗುವುದು ಸ್ಕ್ರೂ ಬಿಗಿ ಮಾಡುವಲ್ಲಿ. ನಾಲ್ಕನ್ನೂ ಮೂಲೆಯಿಂದ ಎದುರು ಮೂಲೆಗೆ, ಎರಡೆರಡು ಸುತ್ತಿನಂತೆ ತಿರುಗಿಸಬೇಕು. ಮೆಮೊರಿ ಕಂಟ್ರೋಲರ್ ಇರುವುದು ಪ್ರೊಸೆಸರಿನೊಳಗೇ. ಒಂದು ಮೂಲೆ ಮೊದಲೇ ಬಿಗಿಯಾದರೆ ಇನ್ನೊಂದು ಕಡೆಯ ಪಿನ್ನುಗಳು ಸರಿಯಾಗಿ ತಾಗದೆ ಒಂದು ಮೆಮೊರಿ ಸ್ಲಾಟೇ ಮಾಯವಾಗುತ್ತದೆ. ನಾನು ಹಾಕಿದ್ದು 4 ಜಿಬಿಯ ಆರು ಮೆಮೊರಿ ಕಡ್ಡಿ. ಮೊದಲ ಸಲ ಆನ್ ಮಾಡಿದಾಗ ತೋರಿಸಿದ್ದು 20 ಜಿಬಿ. ಕಡ್ಡಿ ಅದಲು ಬದಲು ಮಾಡಿದರೂ ಖಾಲಿ ಕಾಣುವ ಸ್ಲಾಟ್ ಅದೇ ಆಗಿದ್ದರೆ ದೋಷ ಕಡ್ಡಿಯದ್ದಲ್ಲ. ಆ ಕಡೆಯ ಹೀಟ್‌ಸಿಂಕ್ ಸಡಿಲಿಸಿ ಹದವಾಗಿ ಬಿಗಿದ ಮೇಲೆ 24 ಬಂತು. ಪವರ್ ದೀಪ ಕೆಂಪಾಗಿ ಐದು ಸಲ ಮಿನುಗಿ ಬೀಪ್ ಅಂದರೂ ಮೆಮೊರಿ ತಕರಾರೇ, ಇಲ್ಲಿಂದಲೇ ಹುಡುಕಿ.

ಪ್ರತಿ ಪ್ರೊಸೆಸರಿಗೂ ಅದರದೇ ಮೂರು ಸ್ಲಾಟ್. ಎಲ್ಲ ಕಡ್ಡಿ ಒಂದೇ ಕಡೆ ತುಂಬಿದರೆ ಇನ್ನೊಂದು ಪ್ರೊಸೆಸರ್ ಪ್ರತಿಯೊಂದಕ್ಕೂ ಪಕ್ಕದ ಮನೆಗೆ ಹೋಗಿ ಕೇಳಬೇಕಾಗುತ್ತದೆ. ಕಡ್ಡಿಗಳು 1333 ಮೆಗಾಹರ್ಟ್ಸ್ ವೇಗದವಾಗಿದ್ದರೆ ಇನ್ನೊಂದು ಲಾಭವಿದೆ: ಇ5520 ಅವನ್ನು 1066ರಲ್ಲಿ ಓಡಿಸುತ್ತಿತ್ತು, ಎಕ್ಸ್5675 ಪೂರ್ತಿ ವೇಗ ಕೊಡುತ್ತದೆ.

ವಿಂಡೋಸ್ ಹೋಮ್ ಆವೃತ್ತಿ ಒಂದೇ ಸಾಕೆಟ್ ಬಳಸುತ್ತದೆ. ಟಾಸ್ಕ್ ಮ್ಯಾನೇಜರಿನಲ್ಲಿ 24ರ ಬದಲು 12 ಥ್ರೆಡ್ (ಪ್ರತಿ ಕೋರಿಗೆ ಎರಡರಂತೆ ಏಕಕಾಲಕ್ಕೆ ನಡೆಯುವ ಕೆಲಸದ ಸಾಲು) ಕಂಡರೆ ಪ್ರೊಸೆಸರನ್ನು ಬೈಯುವ ಮೊದಲು ಅದು ಪ್ರೊ ಆವೃತ್ತಿಯೇ ಅಂತ ನೋಡಿ. ಲಿನಕ್ಸಿನಲ್ಲಿ ಈ ಗೋಳಿಲ್ಲ.

ಎಲ್ಲ ಥ್ರೆಡ್‌ಗಳಿಗೂ ಅರ್ಧ ಗಂಟೆ ಪೂರ್ತಿ ಕೆಲಸ ಕೊಟ್ಟು ಬಿಸಿ ನೋಡಿ. ಒಂದು ಇನ್ನೊಂದಕ್ಕಿಂತ ಹತ್ತು ಡಿಗ್ರಿಗೂ ಹೆಚ್ಚು ಕಾದರೆ ಪೇಸ್ಟ್ ಬಿಚ್ಚಿ ಮತ್ತೆ ಹಾಕುವುದೇ ವಾಸಿ.

ಒಳಗಿನ 650 ವ್ಯಾಟಿನ ಎಸ್‌ಎಂಪಿಎಸ್ (ಪವರ್ ಸಪ್ಲೈ) ಇದಕ್ಕೆ ಧಾರಾಳ. ಯುಪಿಎಸ್ ಮಾತ್ರ ಲೆಕ್ಕ ಹಾಕಿ: ಸಾಮಾನ್ಯ 600 ವಿಎ ಪೆಟ್ಟಿಗೆ ಕೊಡುವುದು 360 ವ್ಯಾಟಿನಷ್ಟು, ಪ್ರೊಸೆಸರುಗಳೇ 190 ತಿನ್ನುತ್ತವೆ, ಗ್ರಾಫಿಕ್ಸ್ ಕಾರ್ಡ್, ಮಾನಿಟರ್ ಬೇರೆ. ಕರೆಂಟ್ ಹೋದ ಕ್ಷಣಕ್ಕೆ ಯಂತ್ರವೂ ಆಫ್ ಆದರೆ 1000 ವಿಎಗೆ ಹೋಗಿ.

ಇಷ್ಟೆಲ್ಲ ಆದರೂ ಎಕ್ಸ್5675ರಲ್ಲಿ ಎವಿಎಕ್ಸ್ ಇಲ್ಲ, ಅದು ಹೊಸ ಪ್ರೊಸೆಸರುಗಳಲ್ಲಿರುವ, ದೊಡ್ಡ ಲೆಕ್ಕಗಳನ್ನು ಒಟ್ಟಿಗೆ ಮಾಡುವ ಆದೇಶಗಳ ಗುಂಪು. ಅದನ್ನು ಬೇಡುವ ಮೊಂಗೋಡಿಬಿ 5.0 (ಡೇಟಾಬೇಸ್) ಅಥವಾ ಸಿದ್ಧ ರೂಪದಲ್ಲಿ ಸಿಗುವ ಟೆನ್ಸರ್‌ಫ್ಲೋ (ಯಂತ್ರ ಕಲಿಕೆಯ ತಂತ್ರಾಂಶ) ಓಡಿಸುವ ಉದ್ದೇಶವಿದ್ದರೆ ಈ ಪೆಟ್ಟಿಗೆಗೆ ದುಡ್ಡು ಹಾಕಬೇಡಿ.