ಕಂಪನಿ ರಜೆ ನೀತಿ ಬದಲಿಸಿದಾಗ ಮೊದಲು ಹಳೇ ಬಾಕಿ ಭದ್ರ ಮಾಡಿಕೊಳ್ಳಿ

‘ಜನವರಿ 1ರಿಂದ ಹೊಸ ರಜೆ ನೀತಿ’ ಎಂದು ಎಚ್‌ಆರ್‌ನಿಂದ ಮೇಲ್ ಬಂದ ದಿನವೇ ಕಂಪನಿಯ ರಜೆ ಪೋರ್ಟಲ್ ತೆರೆಯಿರಿ. ಇಎಲ್ (ಗಳಿಕೆ ರಜೆ), ಸಿಎಲ್ (ಸಾಂದರ್ಭಿಕ ರಜೆ), ಎಸ್‌ಎಲ್ (ಕಾಯಿಲೆ ರಜೆ) ಬಾಕಿ ಎಷ್ಟೆಷ್ಟಿದೆ ಎಂಬುದನ್ನು ದಿನಾಂಕ ಕಾಣುವಂತೆ ಪಿಡಿಎಫ್ ಮಾಡಿಟ್ಟುಕೊಳ್ಳಿ. ಆಫರ್ ಲೆಟರ್, ಹಳೇ ನೀತಿಯ ಪ್ರತಿ, ಕೊನೆಯ ಪೇ ಸ್ಲಿಪ್ ಜೊತೆಗಿರಲಿ. ಸಾಫ್ಟ್‌ವೇರ್ ಬದಲಾದರೆ ಹಳೇ ಲೆಕ್ಕ ಕಾಣದೇ ಹೋಗಬಹುದು. ಆಮೇಲೆ ‘ನನ್ನದು 31 ದಿನ ಇತ್ತು’ ಅಂದರೆ ತೋರಿಸಲು ಏನೂ ಇರುವುದಿಲ್ಲ.

ಮುಂದಿನ ಕೆಲಸ, ಹೊಸ ನೀತಿಯನ್ನು ಕಾನೂನಿನ ಕನಿಷ್ಠದ ಪಕ್ಕ ಇಟ್ಟು ನೋಡುವುದು. ಬೆಂಗಳೂರಿನ ಐಟಿ ಕಚೇರಿ, ಅಂಗಡಿ, ಹೋಟೆಲುಗಳಿಗೆ 1961ರ ಕರ್ನಾಟಕ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ ಅನ್ವಯ. ದುಡಿದ ಪ್ರತಿ 20 ದಿನಕ್ಕೆ 1 ದಿನ ಗಳಿಕೆ ರಜೆ. ಅದಲ್ಲದೆ ಕಾಯಿಲೆ ಮುಂತಾದ ಕಾರಣಕ್ಕೆ ವರ್ಷಕ್ಕೆ 12 ದಿನ. 240 ದಿನ ದುಡಿದವರಿಗೆ 12 ಮತ್ತು 12, ಒಟ್ಟು 24. ಹಾಗಾಗಿ ‘ಎಲ್ಲ ಸೇರಿಸಿ 20 ದಿನ’ ಎಂಬ ಒಂದೇ ಬುಟ್ಟಿಯ ನೀತಿ 4 ದಿನ ಕಡಿಮೆ ಕೊಡುತ್ತದೆ. ಮ್ಯಾನೇಜ್‌ಮೆಂಟ್ ಹುದ್ದೆಯವರು ಈ ಕಾಯ್ದೆಯ ಹೊರಗಿದ್ದಾರೆ. ಅವರಿಗೆ ನೇಮಕಾತಿ ಪತ್ರದ ಷರತ್ತೇ ಆಧಾರ.

ಈ 24ರೊಳಗೆ ಹಬ್ಬದ ರಜೆಯನ್ನು ತುರುಕುವಂತಿಲ್ಲ. ಜನವರಿ 26, ಮೇ 1, ಆಗಸ್ಟ್ 15, ಅಕ್ಟೋಬರ್ 2, ನವೆಂಬರ್ 1 ಮತ್ತು ಇನ್ನೈದು ಹಬ್ಬ, ಒಟ್ಟು 10 ದಿನ, 1963ರ ಬೇರೊಂದು ಕಾಯ್ದೆಯಡಿ ಬರುತ್ತವೆ. 26 ವಾರಗಳ ಹೆರಿಗೆ ರಜೆಯೂ ಪ್ರತ್ಯೇಕ. ನವೆಂಬರ್ 2025ರ ಸರ್ಕಾರಿ ಆದೇಶದ ಪ್ರಕಾರ ಮುಟ್ಟಿನ ರಜೆ ತಿಂಗಳಿಗೆ 1 ದಿನ. ಅದಕ್ಕೆ ವೈದ್ಯರ ಪತ್ರ ಬೇಡ, ಮುಂದಿನ ತಿಂಗಳಿಗೆ ಒಯ್ಯಲೂ ಆಗದು.

ಗಳಿಕೆ ರಜೆಯನ್ನು ಮುಂದಿನ ವರ್ಷಕ್ಕೆ ಒಯ್ಯುವ ಮಿತಿ ಕರ್ನಾಟಕದಲ್ಲಿ 45 ದಿನ. ಮೊದಲು 30 ಇತ್ತು. ಹೊಸ ಪೋರ್ಟಲ್‌ನಲ್ಲಿ ಆ ಹಳೇ ಮಿತಿಯೇ ಉಳಿದಿದ್ದರೆ 15 ದಿನದವರೆಗೆ ಸದ್ದಿಲ್ಲದೆ ಅಳಿಸಿಹೋಗಬಹುದು. ಇದನ್ನು ತಪ್ಪದೆ ಪರೀಕ್ಷಿಸಿ.

‘ಅನ್‌ಲಿಮಿಟೆಡ್ ರಜೆ’ ಎಂದರೆ ಇನ್ನಷ್ಟು ಎಚ್ಚರ ಬೇಕು. ಅಲ್ಲಿ ಖಾತೆಯಲ್ಲಿ ಬಾಕಿಯೇ ಕೂಡುವುದಿಲ್ಲ, ಆದ್ದರಿಂದ ಕೆಲಸ ಬಿಡುವಾಗ ನಗದು ಮಾಡಿಕೊಳ್ಳಲು ಏನೂ ಉಳಿಯದು. ಈವರೆಗೆ ಗಳಿಸಿದ್ದನ್ನು ಹಣವಾಗಿ ಕೊಡುತ್ತಾರೋ, ಪ್ರತ್ಯೇಕ ಖಾತೆಯಲ್ಲಿ ಉಳಿಸುತ್ತಾರೋ ಎಂದು ಮೊದಲೇ ಬರವಣಿಗೆಯಲ್ಲಿ ಪಡೆಯಿರಿ. ಲೆಕ್ಕ ಬೇಸಿಕ್ (ಮೂಲ ವೇತನ) ಮೇಲೋ ಒಟ್ಟು ಸಂಬಳದ ಮೇಲೋ ಎಂದೂ ಕೇಳಿ. ಮೊತ್ತ ಅರ್ಧಕ್ಕರ್ಧ ಬದಲಾಗಬಹುದು. ಕೆಲಸದಲ್ಲಿರುವಾಗಲೇ ಹಣ ಪಡೆದರೆ ಪೂರ್ತಿ ತೆರಿಗೆ ಬೀಳುತ್ತದೆ. ರಾಜೀನಾಮೆ ಅಥವಾ ನಿವೃತ್ತಿಯ ವೇಳೆ ಪಡೆದರೆ ಖಾಸಗಿ ನೌಕರರಿಗೆ ಷರತ್ತುಗಳೊಂದಿಗೆ 25 ಲಕ್ಷ ರೂಪಾಯಿವರೆಗೆ ವಿನಾಯಿತಿ ಇದೆ.

ಎಚ್‌ಆರ್‌ಗೆ ಮಾತಿನಲ್ಲಿ ಹೇಳಿ ಬಿಡಬೇಡಿ, ಮೇಲ್ ಕಳಿಸಿ: ‘ಡಿಸೆಂಬರ್ 31ಕ್ಕೆ ನನ್ನ ಗಳಿಕೆ ರಜೆ ಬಾಕಿ ಇಷ್ಟು. ಹೊಸ ನೀತಿಯಲ್ಲಿ ಇದು ಎಲ್ಲಿ ಸೇರುತ್ತದೆ, ಯಾವ ದಿನಾಂಕದೊಳಗೆ ಬಳಸಬೇಕು, ದಯವಿಟ್ಟು ತಿಳಿಸಿ.’ ನೀವು ಕಾನೂನಿನ ಪ್ರಕಾರ ‘ಕಾರ್ಮಿಕ’ರಾಗಿದ್ದರೆ (ಸಾಮಾನ್ಯವಾಗಿ ಮ್ಯಾನೇಜ್‌ಮೆಂಟ್ ಹುದ್ದೆಯಲ್ಲದ ನೌಕರರು), ಸಂಬಳಸಹಿತ ರಜೆಯ ಷರತ್ತನ್ನು ನಿಮಗೆ ನಷ್ಟವಾಗುವಂತೆ ಬದಲಿಸುವ ಮುನ್ನ ಸಾಮಾನ್ಯವಾಗಿ 21 ದಿನದ ನೋಟಿಸ್ ಬೇಕು.

ಉತ್ತರ ಬಾರದಿದ್ದರೆ ನಿಮ್ಮ ವ್ಯಾಪ್ತಿಯ ಕಾರ್ಮಿಕ ನಿರೀಕ್ಷಕರಿಗೆ ಲಿಖಿತ ದೂರು ಕೊಡಿ. ಯಾರ ವ್ಯಾಪ್ತಿ ಎಂದು ಗೊತ್ತಿಲ್ಲದಿದ್ದರೆ ಬನ್ನೇರುಘಟ್ಟ ರಸ್ತೆಯ ಕಾರ್ಮಿಕ ಭವನದಲ್ಲಿ ವಿಚಾರಿಸಿ. ಹೋಗುವಾಗ ಆ ಪಿಡಿಎಫ್ ಮತ್ತು ಎಚ್‌ಆರ್‌ಗೆ ಕಳಿಸಿದ ಮೇಲ್‌ನ ಪ್ರತಿ ಕೈಯಲ್ಲಿರಲಿ.