ಹಾಫ್-ಟ್ರ್ಯಾಕ್ ಮಾದರಿಗೆ ರಿಮೋಟ್: ಗಾಡಿ ತಿರುಗಬೇಕಾದರೆ ಹೀಗೆ ಮಾಡಿ

ಕಳೆದ ಏಪ್ರಿಲ್‌ನಲ್ಲಿ, ಕಾಫಿ ಒಣಗಿಸುವ ಕೆಲಸ ಮುಗಿದು ಕಣ ಖಾಲಿಯಾದ ಮೇಲೆ, ಹುಡುಗರು ಅಲ್ಲಿ ತಾವೇ ಮಾಡಿದ ಮೂರು ಹಾಫ್-ಟ್ರ್ಯಾಕ್ ಮಾದರಿ ಓಡಿಸಿದರು. ಮಡಿಕೇರಿಯ ಜನರಲ್ ತಿಮ್ಮಯ್ಯ ಮ್ಯೂಸಿಯಂ ನೋಡಿ ಬಂದಾಗಿನಿಂದ ಅವರಿಗೆ ಸೇನೆಯ ಗಾಡಿಗಳ ಹುಚ್ಚು. ಮುಂದಿನ ಚಕ್ರ ಎಡಕ್ಕೆ ತಿರುಗಿತು, ಗಾಡಿ ಮಾತ್ರ ಸೀದಾ ಹೋಗಿ ಕಣದ ಕಟ್ಟೆಗೆ ಬಡಿಯಿತು. ಮೂರರದ್ದೂ ಅದೇ ಕತೆ. ತಿಂಗಳುಗಟ್ಟಲೆ ಕೂತು ಮಾಡಿದ ಕೆಲಸ ಹಾಗಾದರೆ ಬೇಜಾರಲ್ವಾ? ತಪ್ಪು ಎಲ್ಲಿದೆ ಅಂತ ಹೇಳಲೇಬೇಕು ಅನ್ನಿಸಿತು.

ಹಾಫ್-ಟ್ರ್ಯಾಕ್‌ಗೆ ಮುಂದೆ ಚಕ್ರ, ಹಿಂದೆ ಟ್ಯಾಂಕಿನಂತೆ ಟ್ರ್ಯಾಕ್. ಎರಡನೇ ಮಹಾಯುದ್ಧದ ಅಮೆರಿಕದ ಎಂ3 ಮುಂದಿನ ಚಕ್ರದಿಂದಲೇ ತಿರುಗುತ್ತಿತ್ತು. ಜರ್ಮನಿಯ ಹಾಫ್-ಟ್ರ್ಯಾಕ್ ಆದ Sd.Kfz. 251ರಲ್ಲಿ ಸ್ಟಿಯರಿಂಗ್ ಜಾಸ್ತಿ ತಿರುಗಿಸಿದರೆ ಒಳಬದಿಯ ಟ್ರ್ಯಾಕ್‌ಗೆ ಬ್ರೇಕ್ ಕೂಡ ಬೀಳುತ್ತಿತ್ತು. ಗದ್ದೆಯ ಮೂಲೆಯಲ್ಲಿ ಟ್ರ್ಯಾಕ್ಟರ್ ತಿರುಗಿಸುವಾಗ ಒಂದೇ ಬದಿಯ ಬ್ರೇಕ್ ಒತ್ತುತ್ತೇವಲ್ಲ, ಹಾಗೆ.

ಹಂತ 1: ಅಳತೆ. ಮೊದಲ ಸಲಕ್ಕೆ 1/16 ಅಳತೆಯದ್ದೇ ತಗೊಳ್ಳಿ, ಅಂದರೆ ನಿಜವಾದ ಗಾಡಿಯ ಹದಿನಾರನೇ ಒಂದು ಪಾಲು. ಎಂ3 ಆದರೆ ಸುಮಾರು 38 ಸೆಂಟಿಮೀಟರ್ ಉದ್ದ ಬರುತ್ತದೆ. 1/35ರಲ್ಲಿ ಅದು 18 ಸೆಂಟಿಮೀಟರ್ ಕೂಡ ಇಲ್ಲ. ಒಳಗೆ ಬೆರಳು ಹೋಗುವುದಿಲ್ಲ, ಮೋಟರ್ ಎಲ್ಲಿ ಹೋಗಬೇಕು?

ಹಂತ 2: ಡಿಫರೆನ್ಷಿಯಲ್. ಅಂದರೆ ಒಂದೇ ಮೋಟರಿನ ಬಲದಲ್ಲಿ ಎರಡೂ ಬದಿ ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಗೇರ್ ಜೋಡಣೆ. ಎಲ್ಲರೂ ಎಡವುವುದು ಇಲ್ಲೇ. ಎರಡೂ ಟ್ರ್ಯಾಕ್‌ನ ಹಲ್ಲುಚಕ್ರಗಳನ್ನು ಒಂದೇ ಸರಳಿಗೆ ಬಿಗಿದರೆ ಅವು ಒಂದೇ ವೇಗದಲ್ಲಿ ತಿರುಗುತ್ತವೆ. ತಿರುವಿನಲ್ಲಿ ಹೊರಬದಿಯದ್ದು ಜಾಸ್ತಿ ದೂರ ಓಡಬೇಕು, ಓಡಲು ಆಗುವುದಿಲ್ಲ. ಉದ್ದದ ಟ್ರ್ಯಾಕ್‌ನ ಹಿಡಿತದ ಮುಂದೆ ಎರಡು ಸಣ್ಣ ಚಕ್ರ ಏನು ಮಾಡೀತು? ಜಾರುತ್ತದೆ ಅಷ್ಟೇ. ಜೀಪಿನ ಹಿಂದಿನ ಆಕ್ಸಲ್‌ನಲ್ಲಿ ಡಿಫರೆನ್ಷಿಯಲ್ ಇರುವುದು ಇದೇ ಕಾರಣಕ್ಕೆ.

ಹಾಳಾದ ರಿಮೋಟ್ ಕಾರಿನ ಹಿಂದಿನ ಗೇರ್‌ಬಾಕ್ಸ್ ಸಿಕ್ಕರೆ ಒಳಗೆ ಡಿಫರೆನ್ಷಿಯಲ್ ಇದೆಯಾ ನೋಡಿ. ಪರೀಕ್ಷೆ ಸುಲಭ. ಮೋಟರ್ ಗೇರ್ ಅಲುಗದಂತೆ ಹಿಡಿದು ಒಂದು ಬದಿಯ ಚಕ್ರ ಮುಂದಕ್ಕೆ ತಿರುಗಿಸಿ. ಇನ್ನೊಂದು ಹಿಂದಕ್ಕೆ ತಿರುಗಿದರೆ ಇದೆ. ಆ ಕಾರಿನ ಮೋಟರ್ ಮಾತ್ರ ಬೇಡ, ಅದರದು ಅತಿ ವೇಗ. ನಿಧಾನದ ಗೇರ್ ಮೋಟರ್ ಹಾಕಿ. ನಿಜವಾದ ಗಾಡಿಯ 20 ಕಿಲೋಮೀಟರ್ ವೇಗ 1/16ರಲ್ಲಿ ಸೆಕೆಂಡಿಗೆ ಸುಮಾರು 35 ಸೆಂಟಿಮೀಟರ್. ನಿಮ್ಮ ಹಲ್ಲುಚಕ್ರದ ಸುತ್ತಳತೆ 9 ಸೆಂಟಿಮೀಟರ್ ಇದ್ದರೆ ಅದು ನಿಮಿಷಕ್ಕೆ ಸುಮಾರು 235 ಸುತ್ತು ತಿರುಗಿದರೆ ಸಾಕು.

ಹಲ್ಲುಚಕ್ರವನ್ನು ಹಿತ್ತಾಳೆ ಕೊಳವೆಗೆ ಕೂರಿಸಿ, ಅಡ್ಡಲಾಗಿ ತೂತು ಕೊರೆದು ಪಿನ್ ಹಾಕಿ. ಬರೀ ಫೆವಿಕ್ವಿಕ್ ನಂಬಬೇಡಿ, ಬೇಗ ಬಿಟ್ಟುಕೊಳ್ಳುತ್ತದೆ.

ಡಿಫರೆನ್ಷಿಯಲ್ ಹಾಕಿದ ಮೇಲೂ ಗಾಡಿ ಒಂದೇ ಕಡೆ ಎಳೆದರೆ ಸ್ಟಿಯರಿಂಗ್ ಬಿಚ್ಚಲು ಹೋಗಬೇಡಿ. ಯಾವ ಟ್ರ್ಯಾಕ್ ಬಿಗಿಯೋ ಆ ಬದಿ ನಿಧಾನವಾಗುತ್ತದೆ, ಗಾಡಿ ಅತ್ತ ವಾಲುತ್ತದೆ. ಗಾಡಿಯನ್ನು ಎತ್ತಿ ಹಿಡಿದು ಎರಡೂ ಟ್ರ್ಯಾಕ್ ಬೆರಳಿನಿಂದ ಎಳೆದು ನೋಡಿ. ಎರಡೂ ಕಡೆ ಸಮ ಸಡಿಲ ಇರಬೇಕು. ಟ್ರ್ಯಾಕ್‌ನೊಳಗೆ ಕಾಫಿ ಸಿಪ್ಪೆ ಸಿಕ್ಕಿಕೊಂಡರೂ ಹೀಗೇ ಆಗುತ್ತದೆ. ಓಡಿಸುವ ಮೊದಲು ಕಣ ಗುಡಿಸಿ.

ಬದಿಗೊಂದರಂತೆ ಎರಡು ಮೋಟರ್ ಹಾಕಿ, ತಿರುವಿನಲ್ಲಿ ಒಂದು ಜೋರು ಇನ್ನೊಂದು ನಿಧಾನ ಓಡುವಂತೆ ಟ್ಯಾಂಕಿನ ಹಾಗೆ ಮಿಕ್ಸ್ ಮಾಡುವವರೂ ಇದ್ದಾರೆ. ಮುಂದೆ ಹೋಗುವಾಗ ಚೆನ್ನಾಗಿಯೇ ಇರುತ್ತದೆ. ರಿವರ್ಸ್‌ನಲ್ಲಿ ಸಾಧಾರಣ ಮಿಕ್ಸ್ ಉಲ್ಟಾ ಆಗಿ, ಟ್ರ್ಯಾಕ್ ಒಂದು ಕಡೆ ಚಕ್ರ ಒಂದು ಕಡೆ ಎಳೆಯುತ್ತವೆ. ನನ್ನ ಮಾತು ಕೇಳಿ, ಒಂದೇ ಮೋಟರ್, ಒಂದು ಡಿಫರೆನ್ಷಿಯಲ್.

ಹಂತ 3: ಮುಂದಿನ ಚಕ್ರ. ಎಂ3ರ ಮುಂದಿನ ಚಕ್ರಕ್ಕೂ ಎಂಜಿನ್ ಬಲ ಇತ್ತು. ಮಾದರಿಯಲ್ಲಿ ಅದು ಬೇಡ, ಸುಮ್ನೆ ಉರುಳಿದರೆ ಸಾಕು. 2 ಮಿಲಿಮೀಟರ್ ಹಿತ್ತಾಳೆ ಸರಳಿನಲ್ಲಿ ಚಕ್ರ ತಿರುಗುವ ಗೂಟ ಮಾಡಿ. ಚಕ್ರವನ್ನು ಎಡಕ್ಕೆ ಬಲಕ್ಕೆ ತಿರುಗಿಸುವ ಸಣ್ಣ ಮೋಟರ್, ಅಂದರೆ ಸರ್ವೋ, ಲೋಹದ ಗೇರಿನದ್ದೇ ಇರಲಿ. ಅಗ್ಗದ ನೀಲಿ ಪ್ಲಾಸ್ಟಿಕ್ ಸರ್ವೋ ಎರಡು ಸಲ ಕಲ್ಲಿಗೆ ಬಡಿದರೆ ಹಲ್ಲು ಉದುರಿಸುತ್ತದೆ.

ಬ್ಯಾಟರಿ ಬಾನೆಟ್ ಒಳಗೇ ಕೂರಲಿ. ಹಿಂದೆ ಜಾಗ ಇದೆ ಅಂತ ಅಲ್ಲಿಟ್ಟರೆ ಮುಂದಿನ ಚಕ್ರಕ್ಕೆ ಭಾರ ಇಲ್ಲ, ಹಿಡಿತವೂ ಇಲ್ಲ. ಡಿಫರೆನ್ಷಿಯಲ್ ಹಾಕಿಯೂ ತಿರುಗದ ಗಾಡಿಗಳನ್ನು ನೋಡಿದ್ದೇನೆ, ಬ್ಯಾಟರಿ ಮುಂದೆ ತಂದ ಕೂಡಲೇ ತಿರುಗಿದವು.

ಹಂತ 4: ವೈರಿಂಗ್. ರಿಮೋಟಿನ ಸಿಗ್ನಲ್ ಹಿಡಿಯುವ ರಿಸೀವರ್‌ನ ಒಂದು ಚಾನಲ್‌ಗೆ ಸರ್ವೋ, ಇನ್ನೊಂದಕ್ಕೆ ಮೋಟರಿನ ಸ್ಪೀಡ್ ಕಂಟ್ರೋಲರ್. ಅಷ್ಟೇ. ಬೆಸುಗೆಗೆ ರೋಸಿನ್ ಫ್ಲಕ್ಸ್ ಬಳಸಿ. ಆಸಿಡ್ ಪೇಸ್ಟ್‌ನಲ್ಲಿ ಬೆಸೆದರೆ ನಮ್ಮ ಮಳೆಗಾಲದ ತೇವಕ್ಕೆ ತಂತಿ ಹಸಿರು ಕಿಲುಬು ಹಿಡಿಯುತ್ತದೆ. ನನ್ನ ಮೊದಲ ಗಾಡಿ ಹಾಗೇ ಹೋಯಿತು.

ಜೂನ್ ಬಂತೆಂದರೆ ಗಾಡಿಯನ್ನು ಸಿಲಿಕಾ ಜೆಲ್ ಪೊಟ್ಟಣದ ಜೊತೆ ಬಿಗಿ ಮುಚ್ಚಳದ ಸ್ಟೀಲ್ ಡಬ್ಬಿಗೆ ಹಾಕಿ. ಲೈಪೋ (ಲಿಥಿಯಂ ಪಾಲಿಮರ್) ಬ್ಯಾಟರಿ ಬಿಚ್ಚಿ, ಸೆಲ್ಲಿಗೆ 3.8 ವೋಲ್ಟ್ ಇರುವಂತೆ ಮಾಡಿ ಬೇರೆ ಇಡಿ. ಅಟ್ಟದ ಮರದ ಮೇಲೆ ಬೇಡ, ಸಿಮೆಂಟ್ ನೆಲದ ಮೇಲೆ.