ಬೈಕಿನ ವಿಂಡ್‌ಶೀಲ್ಡ್ ಎಷ್ಟು ಎತ್ತರ ಇರಬೇಕು? ರಟ್ಟು ಅಂಟಿಸಿ ನೋಡಿದ ನನ್ನ ಅನುಭವ

ಚಾರ್ಮಾಡಿ ಘಾಟಿಯ ತಿರುವಿನಲ್ಲಿ ಕೆಸರಿಗೆ ಜಾರಿ ನನ್ನ ಹಿಮಾಲಯನ್ 411 ಬೈಕ್ ಮಗುಚಿ ಬಿತ್ತು. ನನಗೇನೂ ಆಗಲಿಲ್ಲ, ವಿಂಡ್‌ಶೀಲ್ಡ್ ಮಾತ್ರ ಸ್ಕ್ರೂ ಹತ್ತಿರ ಸೀಳಿತ್ತು. ಹೇಗೂ ಹೊಸದು ಹಾಕಬೇಕಲ್ವಾ, ನಾನು 5 ಅಡಿ 11 ಅಂಗುಲ ಇದ್ದೇನೆ, ಎದೆಗೆ ಗಾಳಿಯೇ ಬಡಿಯಬಾರದು ಅಂತ ಆನ್‌ಲೈನಿನಲ್ಲಿ ಸಿಕ್ಕಿದ್ದರಲ್ಲೇ ಎಲ್ಲಕ್ಕಿಂತ ಎತ್ತರದ್ದನ್ನು ತರಿಸಿದೆ.

ಹಿರಿಯೂರು ದಾಟಿ ಚಿತ್ರದುರ್ಗದ ಕಡೆ ಹೋಗುವಾಗ ಗುಡ್ಡಗಳ ಮೇಲೆ ಗಾಳಿಯಂತ್ರಗಳು ಕಾಣುತ್ತವೆ, ನೋಡಿರುತ್ತೀರಿ. ಅಲ್ಲಿ ವೇಗ 80 ದಾಟಿದ್ದೇ ತಡ, ಯಾರೋ ಹೆಲ್ಮೆಟ್ ಹಿಡಿದು ಕುಲುಕಿದ ಹಾಗಾಯಿತು. ಎದೆಗೆ ಗಾಳಿ ಇಲ್ಲ, ನಿಜ. ಆದರೆ ಚಿತ್ರದುರ್ಗದಲ್ಲಿ ಇಳಿದಾಗ ಕುತ್ತಿಗೆ ನೋವು, ಕಿವಿಯಲ್ಲಿ ಗುಂಯ್ ಅನ್ನುವ ಸದ್ದು.

ವಾಪಸ್ ಬರುವಾಗ ಖಾಲಿ ರಸ್ತೆಯಲ್ಲಿ ಫುಟ್‌ಪೆಗ್ (ಕಾಲಿಡುವ ಕಂಬಿ) ಮೇಲೆ ಒಂದು ಕ್ಷಣ ಎದ್ದು ನಿಂತೆ. ಕುಲುಕಾಟ ಪೂರ್ತಿ ನಿಂತಿತು! ಆಗ ಅರ್ಥವಾಯಿತು, ನೇರವಾಗಿ ಬರುವ ಗಾಳಿ ತಲೆ ಅಲ್ಲಾಡಿಸುವುದಿಲ್ಲ. ಶೀಲ್ಡಿನ ಹಿಂದೆ ಗಾಳಿಯ ಒತ್ತಡ ಕಡಿಮೆ ಇರುತ್ತದೆ, ಅಂಚು ದಾಟಿದ ಗಾಳಿ ಅಲ್ಲಿಗೆ ಸುಳಿಸುಳಿಯಾಗಿ ನುಗ್ಗುತ್ತದೆ, ನನ್ನ ಹೆಲ್ಮೆಟ್ ಸರಿಯಾಗಿ ಆ ಸುಳಿಯೊಳಗೇ ಇತ್ತು.

ಮನೆಗೆ ಬಂದು ಸೀಳಿದ ಹಳೆಯದಕ್ಕೇ ಟೇಪ್ ಸುತ್ತಿ ಮತ್ತೆ ಹಾಕಿದೆ. ಅದರ ಮೇಲಂಚಿಗೆ ರಟ್ಟು ಕತ್ತರಿಸಿ ಅಂಟಿಸಿ, ಬೆಳಗಿನ ಖಾಲಿ ರಸ್ತೆಯಲ್ಲಿ ಓಡಿಸಿ ನೋಡಿದೆ. 4 ಅಂಗುಲಕ್ಕೆ ಮತ್ತೆ ಕುಲುಕಾಟ. 2 ಅಂಗುಲಕ್ಕೆ ಎಷ್ಟೋ ವಾಸಿ. ಆಮೇಲೆ ಉದ್ದದ ಬೋಲ್ಟ್, ನಡುವೆ ಸ್ಪೇಸರ್ (ಸಂದಿ ಬಿಡಲು ಇಡುವ ಸಣ್ಣ ಕೊಳವೆ) ಹಾಕಿ ಶೀಲ್ಡನ್ನು ಸ್ವಲ್ಪ ಮುಂದಕ್ಕೆ ತಂದೆ. ಕೆಳಗಿನ ಸಂದಿಯಿಂದ ಗಾಳಿ ಒಳಗೆ ಬಂದು ಒತ್ತಡ ಸಮವಾಗುತ್ತದೆ, ಅದರಿಂದ ಸದ್ದೂ ಇಳಿಯಿತು. ದುಡ್ಡು ಹಾಕುವ ಮುಂಚೆ ಇದನ್ನೇ ಮಾಡಬೇಕಿತ್ತು.

ಕೊನೆಗೆ ತೆಗೆದುಕೊಂಡದ್ದು ಹಳೆಯದಕ್ಕಿಂತ 2 ಅಂಗುಲ ಎತ್ತರದ್ದು, ಬಣ್ಣ ಇಲ್ಲದ್ದು. ಎಷ್ಟೇ ಎತ್ತರದ್ದು ತಗೊಳ್ಳಿ, ಕೂತಾಗ ಕಣ್ಣು ಅದರ ಮೇಲಿಂದಲೇ ರಸ್ತೆ ನೋಡುವ ಹಾಗಿರಲಿ. ಶೀಲ್ಡಿಗೆ ವೈಪರ್ ಇರುವುದಿಲ್ಲ. ಮಳೆಗಾಲದ ರಾತ್ರಿ ಘಾಟಿಯಲ್ಲಿ ಎದುರಿನ ಲಾರಿ ಲೈಟು ಹನಿಗಳ ಮೇಲೆ ಬಿದ್ದರೆ ಶೀಲ್ಡಿನೊಳಗಿಂದ ಏನೂ ಕಾಣುವುದಿಲ್ಲ.

ಅಕ್ರಿಲಿಕ್ ಪ್ಲಾಸ್ಟಿಕ್ಕಿನ ಶೀಲ್ಡ್ ನೋಡಲು ಚೆನ್ನ, ಬಿದ್ದರೆ ಒಡೆಯುತ್ತದೆ. ನಾನು ಪಾಲಿಕಾರ್ಬೊನೇಟ್ ಅನ್ನುವ ಇನ್ನೊಂದು ಪ್ಲಾಸ್ಟಿಕ್ಕಿನದನ್ನು ಆರಿಸಿದೆ. ಅದು ಸುಲಭಕ್ಕೆ ಒಡೆಯುವುದಿಲ್ಲ, ಆದರೆ ಬೇಗ ಗೀರು ಬೀಳುತ್ತದೆ, ಹಾಗಾಗಿ ಗೀರು ತಡೆಯುವ ಕೋಟಿಂಗ್ ಇರುವುದನ್ನೇ ಕೇಳಿ. ಪೆಟ್ರೋಲ್, ಅಮೋನಿಯಾ ಇರುವ ಗಾಜಿನ ಕ್ಲೀನರ್ ಎರಡೂ ಬೇಡ. ಅಂಟಿದ ಹುಳಗಳ ಮೇಲೆ ಒದ್ದೆ ಬಟ್ಟೆ ಹತ್ತು ನಿಮಿಷ ಹಾಕಿಡಿ, ತಾನಾಗೇ ಬಿಡುತ್ತವೆ.

ಸ್ಕ್ರೂ ಸಡಿಲವಾಗದಿರಲಿ ಅಂತ ಕೆಲವರು ಥ್ರೆಡ್‌ಲಾಕ್ ಅನ್ನುವ ಅಂಟು ಹಾಕುತ್ತಾರೆ. ಅದು ಪಾಲಿಕಾರ್ಬೊನೇಟಿಗೆ ತಗುಲಿದರೆ ತೂತಿನ ಸುತ್ತ ಬಿರುಕು ಬರುತ್ತದೆ. ನಾನು ರಬ್ಬರ್ ವಾಷರ್ ಹಾಕಿ ಹಗುರವಾಗಿ ಬಿಗಿ ಮಾಡಿದ್ದೇನೆ, ಪ್ರತಿ ದೊಡ್ಡ ಸವಾರಿಗೆ ಮುಂಚೆ ಒಮ್ಮೆ ಕೈಯಲ್ಲಿ ಅಲ್ಲಾಡಿಸಿ ನೋಡುತ್ತೇನೆ.